ರಿಟರ್ನ್ ಗಡುವು ಮುಗಿದರೂ ಮುಗಿಯದ ಹಕ್ಕು

ಪ್ರಶ್ನೆ: ನಾನು ರಾಣೆಬೆನ್ನೂರಿನಲ್ಲಿ ಮನೆಯ ಪಡಸಾಲೆಯಲ್ಲೇ ಬಟ್ಟೆ ಹೊಲಿದು ಜೀವನ ಸಾಗಿಸುತ್ತಿದ್ದೇನೆ. ಕೈನೆರವಿಗೆ ಒಬ್ಬ ಹುಡುಗಿ ಇದ್ದಾಳೆ. ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆಯಿಂದ 23,800 ರೂಪಾಯಿಯ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ತರಿಸಿದೆ. ಹಣವನ್ನು ಡೆಬಿಟ್ ಕಾರ್ಡಿನಲ್ಲಿ ಮೊದಲೇ ಕಟ್ಟಿದ್ದೆ. 10ನೇ ತಾರೀಖಿಗೆ ಬರಬೇಕಾದ ಮಷಿನ್ 18ಕ್ಕೆ ಬಂತು. ಆಗ ತಂಗಿಯ ಮದುವೆಗೆಂದು ತವರಿನಲ್ಲಿದ್ದೆ. ಒಂಬತ್ತನೆಯ ದಿನ ಪೆಟ್ಟಿಗೆ ತೆರೆದಾಗ ಅದು ಬಳಸಿದ ಮಷಿನ್ ಎಂದು ಗೊತ್ತಾಯಿತು. ದಾರ ಹೆಣೆಯುವ ಲೂಪರ್ ಎಂಬ ಭಾಗ ಸವೆದಿದೆ, ಒಳಗೆ ಹಳೆಯ ಎಣ್ಣೆ ಮತ್ತು ದಾರದ ನಾರು ತುಂಬಿದೆ, ಮಷಿನ್ ಮೇಲಿನ ಸೀರಿಯಲ್ ನಂಬರ್ ವಾರಂಟಿ ಕಾರ್ಡಿನ ನಂಬರಿಗೆ ಹೊಂದುವುದಿಲ್ಲ. ಅದೇ ದಿನ ಆ್ಯಪ್‌ನ ಚಾಟ್‌ನಲ್ಲಿ ದೂರು ಕೊಟ್ಟೆ. ‘ಏಳು ದಿನದ ಗಡುವು ಮುಗಿದಿದೆ, ಪೆಟ್ಟಿಗೆ ತೆರೆದ ವಿಡಿಯೊ ಇಲ್ಲ, ನಾವು ಬರೀ ವೇದಿಕೆ, ಹೊಣೆ ಮಾರಾಟಗಾರರದು’ ಎಂದರು. ಒಂದೂವರೆ ತಿಂಗಳು ಕರೆ ಮಾಡಿದ ಮೇಲೆ 2,000 ರೂಪಾಯಿಯ ಕೂಪನ್ ಕೊಡುತ್ತೇವೆ ಎನ್ನುತ್ತಿದ್ದಾರೆ. ನಿನ್ನೆ ಬೇರೊಬ್ಬರು ಕರೆ ಮಾಡಿ, ಪೂರ್ತಿ ಹಣ ವಾಪಸ್ ಕೊಡುತ್ತೇವೆ, ಕಳಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದರು. ನಾನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದುದಕ್ಕೆಲ್ಲ ಸಮಯವಿದೆ, ಇದಕ್ಕಿಲ್ಲ. ಆ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಬೇಡಿ, ಆ ನಂಬರಿನೊಂದಿಗೆ ಮತ್ತೆ ಮಾತನಾಡಬೇಡಿ. ಯುಪಿಐಯಲ್ಲಿ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತುವುದು ನಮ್ಮ ಖಾತೆಯಿಂದ ಹಣ ಕಳಿಸುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ನಮಗೆ ಬರಬೇಕಾದ ಹಣಕ್ಕೆ ನಾವು ಪಿನ್ ಒತ್ತಬೇಕಾದ ಸಂದರ್ಭವೇ ಇಲ್ಲ. ದೂರು ಕೊಟ್ಟು ಕಾಯುತ್ತಿರುವ ಗ್ರಾಹಕರನ್ನೇ ಹುಡುಕಿ ಬಲೆ ಬೀಸುವವರಿದ್ದಾರೆ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ ‘ಕಸ್ಟಮರ್ ಕೇರ್’ ನಂಬರಿಗೆ ನೀವು ಎಂದಾದರೂ ಕರೆ ಮಾಡಿದ್ದರೆ ನಿಮ್ಮ ಹೆಸರು ಅವರಿಗೆ ಸಿಕ್ಕಿದ್ದು ಅಲ್ಲಿಂದಲೇ ಇರಬಹುದು. ಈಗಾಗಲೇ ಹಣ ಕಳೆದುಕೊಂಡಿದ್ದರೆ ಈ ಉತ್ತರವನ್ನು ಪಕ್ಕಕ್ಕಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಇಂಥ ವಂಚನೆಯಲ್ಲಿ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ.

ಈಗ ಮಷಿನ್ನಿನ ವಿಷಯ. ನಿಮಗೆ ಹಣ ವಾಪಸ್ ಕೇಳುವ ಹಕ್ಕಿದೆ, ಮತ್ತು ಆ ಹಕ್ಕು ಏಳನೆಯ ದಿನದ ರಾತ್ರಿಗೆ ಸತ್ತುಹೋಗಿಲ್ಲ. ನಮ್ಮಲ್ಲಿ ಬಹುತೇಕರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ಭಾವಿಸಿದ್ದಾರೆ, ಮತ್ತು ಕಂಪನಿಗಳ ಗ್ರಾಹಕ ಸೇವೆಯವರೂ ಅವನ್ನು ಒಂದೇ ಎಂಬಂತೆ ಮಾತನಾಡುತ್ತಾರೆ. ಸೀರೆಯ ಬಣ್ಣ ಹಿಡಿಸಲಿಲ್ಲ, ಚಪ್ಪಲಿಯ ಅಳತೆ ಸರಿಹೋಗಲಿಲ್ಲ, ಕೊಂಡ ಮೇಲೆ ಮನಸ್ಸು ಬದಲಾಯಿತು ಎಂಬ ಕಾರಣಗಳಿಗೆ ವಸ್ತುವನ್ನು ಹಿಂದಿರುಗಿಸುವ ಅವಕಾಶವನ್ನು ಭಾರತದ ಕಾನೂನು ಗ್ರಾಹಕನಿಗೆ ಕೊಟ್ಟಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ದೂರದಿಂದ ಕೊಂಡ ಹೆಚ್ಚಿನ ವಸ್ತುಗಳನ್ನು ಕಾರಣ ಹೇಳದೆ 14 ದಿನಗಳೊಳಗೆ ಹಿಂದಿರುಗಿಸಬಹುದು; ಇಲ್ಲಿ ಅಂಥ ಸಾಮಾನ್ಯ ನಿಯಮ ಇಲ್ಲ. ಆದ್ದರಿಂದ ಮನಸ್ಸು ಬದಲಾದಾಗ ನಮಗಿರುವ ಆಸರೆ ಕಂಪನಿಯ ರಿಟರ್ನ್ ನೀತಿ ಮಾತ್ರ, ಮತ್ತು ಅಲ್ಲಿ ಏಳು ದಿನ ಎಂದರೆ ಏಳು ದಿನವೇ. ಆದರೆ ನಿಮಗೆ ಬಂದದ್ದು ನೀವು ಕೊಂಡ ವಸ್ತುವೇ ಅಲ್ಲ. ಹೊಸದು ಎಂದು ತೋರಿಸಿ ಹಳೆಯದನ್ನು ಕಳಿಸಿದರೆ ಅದು ಕಂಪನಿಯ ಔದಾರ್ಯಕ್ಕೆ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ, ಕಾನೂನಿನ ವಿಷಯವಾಗುತ್ತದೆ.

ಆ ಕಾನೂನು ಯಾವುದು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಪತ್ರ ಬರೆಯುವಾಗ ಅದರ ಹೆಸರನ್ನು ನೀವು ಉಲ್ಲೇಖಿಸಬೇಕಾಗುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಅದೇ ತಿಂಗಳು ಕೇಂದ್ರ ಸರ್ಕಾರ ಆ ಕಾಯ್ದೆಯ ಅಡಿಯಲ್ಲಿ ಇ-ಕಾಮರ್ಸ್ ನಿಯಮಗಳು 2020 ಎಂಬುದನ್ನು ಹೊರಡಿಸಿತು. ಅದರ 6ನೆಯ ನಿಯಮ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರಿಗೆ ಸಂಬಂಧಿಸಿದ್ದು. ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ಅದನ್ನು ಹಿಂದಕ್ಕೆ ಪಡೆಯಲು ಇಲ್ಲವೆ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು ಅದು ಹೇಳುತ್ತದೆ. ನಿಮ್ಮ ಪ್ರಕರಣ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳಿಗೆ ಹೊಂದುತ್ತದೆ. ಎಂಟು ದಿನ ತಡವಾಗಿದ್ದನ್ನೂ ದೂರಿನಲ್ಲಿ ಬರೆಯಿರಿ. ಆದರೆ ಅದನ್ನೇ ಮುಂದೆ ಮಾಡಬೇಡಿ, ಏಕೆಂದರೆ ತಡವಾಗಿ ಬಂದ ಪೆಟ್ಟಿಗೆಯನ್ನು ನಿಮ್ಮ ಮನೆಯವರು ಇಳಿಸಿಕೊಂಡಿದ್ದಾರೆ, ತಮ್ಮ ಕೈಮೀರಿದ ಕಾರಣದಿಂದ ತಡವಾಯಿತು ಎಂದು ವಾದಿಸುವ ಅವಕಾಶವೂ ಮಾರಾಟಗಾರರಿಗೆ ಇದೆ. ನಿಮ್ಮ ದೂರು ನಿಲ್ಲಬೇಕಾದದ್ದು ಹೊಸದೆಂದು ಹೇಳಿ ಹಳೆಯದನ್ನು ಕೊಟ್ಟರು ಎಂಬ ಒಂದೇ ಮಾತಿನ ಮೇಲೆ.

ಇದರ ಜೊತೆಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೆಯ ಪ್ರಕರಣವು (ಸೆಕ್ಷನ್) ಅನುಚಿತ ವ್ಯಾಪಾರ ಪದ್ಧತಿಗಳನ್ನು ಪಟ್ಟಿ ಮಾಡುತ್ತದೆ. ದೋಷವಿರುವ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಆ ಪಟ್ಟಿಯಲ್ಲಿದೆ. ಬಿಲ್ಲಿನಲ್ಲಿ ಅವಧಿಯನ್ನು ಹೇಳಿದ್ದರೆ ಆ ಅವಧಿ, ಹೇಳದಿದ್ದರೆ ಮೂವತ್ತು ದಿನ ಎಂದು ಅದು ಗೊತ್ತುಪಡಿಸಿದೆ. ಆದ್ದರಿಂದ ಈಗಲೇ ನಿಮ್ಮ ಬಿಲ್ಲನ್ನು ತೆರೆದು ಓದಿ. ಏಳು ದಿನ ಎಂಬ ಮಾತು ಬಹುಮಟ್ಟಿಗೆ ಆ್ಯಪ್‌ನ ಪುಟದಲ್ಲಿ ಮಾತ್ರ ಇರುತ್ತದೆ, ಬಿಲ್ಲಿನಲ್ಲಿ ಇರುವುದಿಲ್ಲ. ಬಿಲ್ಲಿನಲ್ಲಿ ಇಲ್ಲದಿದ್ದರೆ ನಿಮ್ಮ ವಾದ ಇನ್ನಷ್ಟು ಗಟ್ಟಿ. ಇದ್ದರೂ ಎದೆಗುಂದಬೇಕಿಲ್ಲ, ಏಕೆಂದರೆ 6ನೆಯ ನಿಯಮದ ಕರ್ತವ್ಯ ದಿನಗಳ ಲೆಕ್ಕದ ಮೇಲೆ ನಿಂತಿಲ್ಲ.

ಹಾಗೆಂದು ಗ್ರಾಹಕರು ಎಷ್ಟು ದಿನ ಬೇಕಾದರೂ ಸುಮ್ಮನಿರಬಹುದು ಎಂದು ತಿಳಿಯಬಾರದು. ಸರಕು ಮಾರಾಟ ಕಾಯ್ದೆ 1930 ಎಂಬ ಹಳೆಯ ಕಾನೂನು ಇಂದಿಗೂ ಜೀವಂತವಾಗಿದೆ. ಮೊದಲೇ ನೋಡದೆ ತರಿಸಿದ ಸರಕನ್ನು ಪರೀಕ್ಷಿಸಿ ನೋಡಲು ಕೊಂಡವರಿಗೆ ನ್ಯಾಯವಾದ ಅವಕಾಶ ಸಿಗಬೇಕು ಎಂದು ಅದು ಹೇಳುತ್ತದೆ; ಅದೇ ಉಸಿರಿನಲ್ಲಿ, ತಿರಸ್ಕರಿಸಿದ್ದೇನೆ ಎಂದು ತಿಳಿಸದೆ ಸಮಂಜಸವಾದ ಕಾಲ ಕಳೆದರೆ ಸರಕನ್ನು ಒಪ್ಪಿಕೊಂಡಂತೆ ಎಂದೂ ಹೇಳುತ್ತದೆ. ನಿಮ್ಮ ಅದೃಷ್ಟಕ್ಕೆ, ಅದೃಷ್ಟ ಎನ್ನುವುದಕ್ಕಿಂತ ನಿಮ್ಮ ಎಚ್ಚರಕ್ಕೆ, ಪೆಟ್ಟಿಗೆ ತೆರೆದ ದಿನವೇ ಚಾಟ್‌ನಲ್ಲಿ ಬರೆದು ತಿಳಿಸಿದ್ದೀರಿ. ಮದುವೆಯ ಮನೆಯಿಂದ ಬಂದು ಒಂಬತ್ತನೆಯ ದಿನ ತೆರೆದದ್ದನ್ನು ಯಾವ ಗ್ರಾಹಕ ಆಯೋಗವೂ ಅಸಮಂಜಸವಾದ ವಿಳಂಬ ಎನ್ನಲಾರದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಕಾಗದ ಎಂದರೆ ಆ ಚಾಟ್. ಇವತ್ತೇ ಅದರ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ ಕಾಣುವಂತೆ ತೆಗೆದು, ನಿಮ್ಮ ಇಮೇಲಿಗೆ ನೀವೇ ಕಳಿಸಿಕೊಳ್ಳಿ. ಆ್ಯಪ್‌ನಲ್ಲಿ ಅದು ಎಷ್ಟು ಕಾಲ ಉಳಿಯುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಮಷಿನ್ ಮಾರಾಟಕ್ಕಿದ್ದ ಪುಟವನ್ನೂ ಹಾಗೆಯೇ ಉಳಿಸಿಕೊಳ್ಳಿ, ‘ಹೊಸದು’, ‘ಒಂದು ವರ್ಷದ ವಾರಂಟಿ’ ಎಂಬ ಮಾತುಗಳು ಸ್ಪಷ್ಟವಾಗಿ ಓದುವಂತಿರಲಿ. ಮಾರಾಟಗಾರರು ಆ ಪುಟವನ್ನು ಯಾವಾಗ ಬೇಕಾದರೂ ತಿದ್ದಬಹುದು.

ಪೆಟ್ಟಿಗೆ ತೆರೆಯುವ ವಿಡಿಯೊ ಇಲ್ಲ ಎಂಬ ಆಕ್ಷೇಪಕ್ಕೆ ಬರುತ್ತೇನೆ. ಕೊಂಡ ವಸ್ತುವಿನ ಪೆಟ್ಟಿಗೆಯನ್ನು ಚಿತ್ರೀಕರಿಸುತ್ತಲೇ ತೆರೆಯಬೇಕು ಎಂದು ಯಾವ ಕಾಯ್ದೆಯೂ ಗ್ರಾಹಕನ ಮೇಲೆ ಹೊರೆ ಹೊರಿಸಿಲ್ಲ. ವಿಡಿಯೊ ಒಂದು ಸಾಕ್ಷ್ಯ ಮಾತ್ರ. ಅದು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೇರೆ ಸಾಕ್ಷ್ಯದಿಂದ ಅದೇ ಸಂಗತಿಯನ್ನು ಸಾಬೀತುಪಡಿಸಬಹುದು. ಪೆಟ್ಟಿಗೆಯೊಳಗೆ ಕಲ್ಲು, ಸಾಬೂನು ಬಂತು ಎನ್ನುವ ಪ್ರಕರಣಗಳಲ್ಲಿ ವಿಡಿಯೊ ಇಲ್ಲದಿದ್ದರೆ ನಿಜಕ್ಕೂ ಕಷ್ಟವಾಗುತ್ತದೆ, ಏಕೆಂದರೆ ಅಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ. ನಿಮ್ಮ ಮಷಿನ್ ಹಾಗಲ್ಲ. ಅದರ ಮೈಮೇಲೆಯೇ ಸಾಕ್ಷ್ಯ ಕೆತ್ತಲಾಗಿದೆ. ಸೀರಿಯಲ್ ನಂಬರ್ ಇರುವ ಫಲಕದ ಫೋಟೊ, ವಾರಂಟಿ ಕಾರ್ಡಿನ ಫೋಟೊ, ಬಿಲ್ಲಿನಲ್ಲಿ ನಂಬರ್ ಇದ್ದರೆ ಅದರ ಫೋಟೊ, ಪೆಟ್ಟಿಗೆಯ ಮೇಲಿನ ಚೀಟಿಯ ಫೋಟೊ, ಇಷ್ಟನ್ನು ಜೋಡಿಸಿದರೆ ಎದುರಿನವರು ಉತ್ತರ ಕೊಡಬೇಕಾದ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಇದಲ್ಲದೆ ಮಷಿನ್ ತಯಾರಿಸಿದ ಕಂಪನಿಗೆ ಒಂದು ಇಮೇಲ್ ಬರೆದು, ಈ ಸೀರಿಯಲ್ ನಂಬರಿನ ಮಷಿನ್ ಯಾವಾಗ ತಯಾರಾಯಿತು, ಯಾರಿಗೆ ಮಾರಾಟವಾಯಿತು, ಇದಕ್ಕೆ ವಾರಂಟಿ ಚಾಲ್ತಿಯಲ್ಲಿದೆಯೇ ಎಂದು ಕೇಳಿ. ಇದು ಬಹಳ ಮಂದಿ ಮಾಡದೆ ಬಿಡುವ ಕೆಲಸ. ಹಿಂದೆಯೇ ಬೇರೊಬ್ಬರ ಹೆಸರಿನಲ್ಲಿ ನೋಂದಾಯಿಸಿದ ಮಷಿನ್ ಎಂದು ಅವರು ಒಂದು ಸಾಲು ಉತ್ತರಿಸಿದರೆ, ಅದು ಹತ್ತು ವಿಡಿಯೊಗಳಿಗೆ ಸಮ.

ನಿಮ್ಮೂರಿನ ಅನುಭವಸ್ಥ ಮೆಕ್ಯಾನಿಕ್ ಒಬ್ಬರಿಂದ ಒಂದು ಬರಹವನ್ನೂ ಪಡೆಯಿರಿ. ಲೂಪರ್ ಎಷ್ಟು ಸವೆದಿದೆ, ಎಣ್ಣೆಯ ಸ್ಥಿತಿ ಏನು, ಹೊಸ ಮಷಿನ್ನಿನಲ್ಲಿ ಹೀಗಿರಲು ಸಾಧ್ಯವೇ ಎಂಬುದನ್ನು ಅವರು ತಮ್ಮ ಅಂಗಡಿಯ ಲೆಟರ್‌ಹೆಡ್‌ನಲ್ಲಿ, ದಿನಾಂಕ ಮತ್ತು ಸಹಿಯೊಂದಿಗೆ ಬರೆದುಕೊಡಲಿ. ಆದರೆ ನೋಡುವುದು ಬರೆಯುವುದು ಮಾತ್ರ. ಒಂದು ತಿರುಪನ್ನೂ ಬದಲಿಸುವುದು ಬೇಡ, ರಿಪೇರಿ ಬೇಡ, ಎಷ್ಟೇ ತುರ್ತಾದ ಕೆಲಸವಿದ್ದರೂ ಆ ಮಷಿನ್ನಿನಲ್ಲಿ ಹೊಲಿಯುವುದಂತೂ ಬೇಡವೇ ಬೇಡ. ದುಡಿದು ಉಣ್ಣುವವರಿಗೆ ಮನೆಯಲ್ಲಿರುವ ಮಷಿನ್ನನ್ನು ಮುಟ್ಟದೆ ಬಿಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಒಂದು ವಾರ ಬಳಸಿದಿರಿ ಎಂದರೆ, ಸವೆತ ನಿಮ್ಮಿಂದಲೇ ಆಯಿತು ಎಂದು ಹೇಳಲು ಅವರಿಗೆ ಬಾಗಿಲು ತೆರೆದಂತೆ.

‘ನಾವು ಬರೀ ವೇದಿಕೆ’ ಎಂಬ ಮಾತನ್ನು ತೂಗಿ ನೋಡೋಣ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ವಿದೇಶಿ ಬಂಡವಾಳ ಪಡೆದ ಆನ್‌ಲೈನ್ ಮಾರುಕಟ್ಟೆಗಳು ತಾವೇ ಸರಕು ದಾಸ್ತಾನು ಮಾಡಿ ಮಾರುವಂತಿಲ್ಲ, ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುವ ಸಂತೆಯಾಗಿ ಮಾತ್ರ ಇರಬೇಕು ಎಂಬುದು ನಮ್ಮ ಸರ್ಕಾರದ ನೀತಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಪ್ರಕರಣವೂ ಮಧ್ಯವರ್ತಿಗಳಿಗೆ ಒಂದು ಮಟ್ಟದ ರಕ್ಷಣೆ ಕೊಡುತ್ತದೆ. ಆದರೆ ಆ ರಕ್ಷಣೆ ಷರತ್ತಿನದು: ಕಾನೂನು ಹೇಳಿದ ಎಚ್ಚರ ವಹಿಸಿದ್ದರೆ ಮಾತ್ರ ಸಿಗುತ್ತದೆ. ಇ-ಕಾಮರ್ಸ್ ನಿಯಮಗಳು ವೇದಿಕೆಗೇ ನೇರವಾಗಿ ಹಲವು ಕರ್ತವ್ಯಗಳನ್ನು ವಿಧಿಸಿವೆ. ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಹುದ್ದೆ, ಸಂಪರ್ಕದ ವಿವರಗಳನ್ನು ಪ್ರಕಟಿಸಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪ್ರತಿ ದೂರಿಗೂ ಗ್ರಾಹಕರು ಹಿಂಬಾಲಿಸಿ ನೋಡಬಹುದಾದ ಸಂಖ್ಯೆ ಕೊಡಬೇಕು. ಮಾರಾಟಕ್ಕಿಟ್ಟ ವಸ್ತುವಿನ ವರ್ಣನೆ, ಚಿತ್ರಗಳು ನಿಜವಾದ ವಸ್ತುವಿಗೆ ಹೊಂದುತ್ತವೆ ಎಂದು ಮಾರಾಟಗಾರರಿಂದ ಮುಚ್ಚಳಿಕೆ ಪಡೆದಿರಬೇಕು. ಇವುಗಳಲ್ಲಿ ನಿಮಗೆ ಬಹಳ ಉಪಯೋಗಕ್ಕೆ ಬರುವ ಇನ್ನೊಂದಿದೆ. ಕೊಂಡ ಮೇಲೆ ಗ್ರಾಹಕರು ಬರೆದು ಕೇಳಿದರೆ, ಮಾರಾಟಗಾರರ ಕೇಂದ್ರ ಕಚೇರಿ ಹಾಗೂ ಶಾಖೆಗಳ ವಿಳಾಸ, ಇಮೇಲ್ ಮತ್ತು ವ್ಯಾಜ್ಯ ಬಗೆಹರಿಸಿಕೊಳ್ಳಲು ಬೇಕಾದ ಇತರ ಮಾಹಿತಿಯನ್ನು ವೇದಿಕೆ ಕೊಡಲೇಬೇಕು. ಇದನ್ನು ಖಂಡಿತ ಕೇಳಿ. ಕೊಟ್ಟರೆ ಮಾರಾಟಗಾರರನ್ನೂ ಎದುರುದಾರರನ್ನಾಗಿ ಮಾಡಲು ವಿಳಾಸ ಸಿಕ್ಕಿತು. ಕೊಡದಿದ್ದರೆ ವೇದಿಕೆಯ ಸೇವಾ ನ್ಯೂನತೆಗೆ ಇನ್ನೊಂದು ಪುರಾವೆ ಸಿಕ್ಕಿತು.

ವೇದಿಕೆಗಳು ಸಂಪೂರ್ಣವಾಗಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಕಡ್ಡಾಯ ಗುಣಮಟ್ಟದ ಆದೇಶಕ್ಕೆ ಹೊಂದದ ಪ್ರೆಷರ್ ಕುಕ್ಕರ್‌ಗಳು ತನ್ನ ವೇದಿಕೆಯಲ್ಲಿ ಮಾರಾಟವಾದುದಕ್ಕೆ ಅಮೆಜಾನ್‌ಗೆ 1 ಲಕ್ಷ ರೂಪಾಯಿ ದಂಡ ವಿಧಿಸಿ, ಅಂಥ 2,265 ಕುಕ್ಕರ್‌ಗಳನ್ನು ಕೊಂಡವರಿಗೆಲ್ಲ ವಿಷಯ ತಿಳಿಸಿ, ವಸ್ತುವನ್ನು ಹಿಂದಕ್ಕೆ ಪಡೆದು ಹಣ ಮರಳಿಸುವಂತೆ ಅದು ಆದೇಶಿಸಿತು. ಫ್ಲಿಪ್‌ಕಾರ್ಟ್‌ಗೂ 598 ಕುಕ್ಕರ್‌ಗಳ ವಿಷಯದಲ್ಲಿ ಅದೇ ಬಗೆಯ ಆದೇಶ ಹೊರಬಿತ್ತು. ಈ ಆದೇಶಗಳು ಹೈಕೋರ್ಟಿನಲ್ಲಿ ಪ್ರಶ್ನೆಗೊಳಗಾದವು ಎಂಬುದನ್ನೂ ಹೇಳಬೇಕು. ಆ ಕುಕ್ಕರ್‌ಗಳನ್ನೂ ಮಾರಿದ್ದು ಬೇರೆ ಮಾರಾಟಗಾರರೇ, ಅವುಗಳ ರಿಟರ್ನ್ ಗಡುವೂ ಎಂದೋ ಮುಗಿದಿತ್ತು ಎಂಬುದನ್ನು ಗಮನಿಸಿ.

ಕೂಪನ್ ಬಗ್ಗೆ ನನ್ನ ಸಲಹೆ ನೇರವಾಗಿದೆ: ಒಪ್ಪಬೇಡಿ. ಹೋದದ್ದು 23,800 ರೂಪಾಯಿ, ಬರುವುದು ಅವರ ಅಂಗಡಿಯಲ್ಲೇ ಖರ್ಚು ಮಾಡಬೇಕಾದ 2,000. ಇದು ಮೂಗಿಗೆ ತುಪ್ಪ ಸವರುವ ಕೆಲಸ. ಅದಕ್ಕಿಂತ ಮುಖ್ಯವಾಗಿ, ಕೂಪನ್ ಪಡೆದ ಮರುಕ್ಷಣ ‘ದೂರು ಇತ್ಯರ್ಥವಾಗಿದೆ’ ಎಂದು ದಾಖಲಿಸಿ, ಮುಂದೆ ಅದನ್ನೇ ನಿಮ್ಮ ಒಪ್ಪಿಗೆಯ ಪುರಾವೆಯಾಗಿ ತೋರಿಸಬಹುದು. ‘ಈ ಕೊಡುಗೆಯನ್ನು ಒಪ್ಪುವುದಿಲ್ಲ, ನಾನು ಕಟ್ಟಿದ ಪೂರ್ತಿ ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಮರಳಿಸಿ’ ಎಂದು ಲಿಖಿತವಾಗಿ ತಿಳಿಸಿ. ರೀಫಂಡ್ ಎಂದರೆ ಕೂಪನ್ ಮಾತ್ರ ಎನ್ನುವ ಪದ್ಧತಿಯನ್ನು ಇದೇ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಓಲಾ ಟ್ಯಾಕ್ಸಿ ಸೇವೆಯ ವಿಷಯದಲ್ಲಿ ತಪ್ಪೆಂದು ಕಂಡು, ಹಣ ಬ್ಯಾಂಕ್ ಖಾತೆಗೆ ಬೇಕೋ ಕೂಪನ್ ರೂಪದಲ್ಲಿ ಬೇಕೋ ಎಂಬ ಆಯ್ಕೆ ಗ್ರಾಹಕರದೇ ಆಗಿರಬೇಕು ಎಂದು ನಿರ್ದೇಶಿಸಿತು. ಅದು ಟ್ಯಾಕ್ಸಿಯ ಪ್ರಕರಣವಾದರೂ ಅದರ ಹಿಂದಿನ ತತ್ವವನ್ನು ನಿಮ್ಮ ಪತ್ರದಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ.

ನೀವು ಕೇಳದಿದ್ದರೂ ಎದುರಿನವರು ಎತ್ತಬಹುದಾದ ಒಂದು ತಕರಾರಿಗೆ ಈಗಲೇ ಸಿದ್ಧರಾಗಿರಿ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ನೀವು ಟೈಲರಿಂಗ್ ನಡೆಸುವವರು, ಆದ್ದರಿಂದ ನಿಮ್ಮ ದೂರು ನಿಲ್ಲುವುದಿಲ್ಲ ಎಂದು ಅವರು ವಾದಿಸಬಹುದು. ಅದೇ ಕಾಯ್ದೆಯ 2(7)ನೆಯ ಪ್ರಕರಣದ ವಿವರಣೆಯಲ್ಲಿ ಇದಕ್ಕೆ ಉತ್ತರವಿದೆ: ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡು ಬಳಸುವುದು ವ್ಯಾಪಾರದ ಉದ್ದೇಶ ಎನಿಸಿಕೊಳ್ಳುವುದಿಲ್ಲ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಯಂತ್ರವನ್ನು ತಾನೇ ನಡೆಸಿ ಬದುಕುವವರು, ನೆರವಿಗೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಗ್ರಾಹಕರಾಗದೆ ಹೋಗುವುದಿಲ್ಲ ಎಂಬ ಮಾತು ಆ ತೀರ್ಪಿನಲ್ಲಿದೆ. ನಿಮ್ಮ ಬಳಿ ಇರುವ ಹುಡುಗಿಯ ಕಾರಣಕ್ಕೆ ಆತಂಕಪಡಬೇಕಿಲ್ಲ. ಆದರೆ ದೂರಿನ ಮೊದಲ ಪ್ಯಾರಾದಲ್ಲೇ ‘ನನ್ನ ಜೀವನೋಪಾಯಕ್ಕಾಗಿ, ಸ್ವಯಂ ಉದ್ಯೋಗಕ್ಕಾಗಿ ಈ ಯಂತ್ರವನ್ನು ಕೊಂಡೆ’ ಎಂದು ಬರೆಯುವುದನ್ನು ಮರೆಯಬೇಡಿ. ಈ ಒಂದು ವಾಕ್ಯ ಇಲ್ಲದೆ ದೂರುಗಳು ಎಡವುವುದನ್ನು ಕಂಡಿದ್ದೇನೆ. ಬಿಲ್ಲನ್ನು ಜಿಎಸ್‌ಟಿ ಸಂಖ್ಯೆ ಕೊಟ್ಟು ಅಂಗಡಿಯ ಹೆಸರಿನಲ್ಲಿ ಪಡೆದಿದ್ದರೆ ಎದುರಿನವರ ವಾದಕ್ಕೆ ಸ್ವಲ್ಪ ಬಲ ಬರುತ್ತದೆ, ಆಗ ನಿಮ್ಮ ಆದಾಯದ ಸ್ವರೂಪವನ್ನು ಇನ್ನಷ್ಟು ವಿವರಿಸಬೇಕಾಗುತ್ತದೆ.

ಮಾಡಬೇಕಾದ ಕೆಲಸದ ಕ್ರಮ ಹೀಗಿರಲಿ. ಈವರೆಗೆ ನೀವು ಮಾತನಾಡಿರುವುದು ಕಸ್ಟಮರ್ ಕೇರ್‌ನವರೊಂದಿಗೆ. ಕಾನೂನು ಗುರುತಿಸುವ ಕುಂದುಕೊರತೆ ಅಧಿಕಾರಿಗೆ ನಿಮ್ಮ ದೂರು ಇನ್ನೂ ಹೋಗಿಲ್ಲ. ಅವರ ಇಮೇಲ್ ವಿಳಾಸ ಆ ಜಾಲತಾಣದ ಕೆಳಭಾಗದಲ್ಲೋ ಆ್ಯಪ್‌ನ ಸಹಾಯ ಪುಟದಲ್ಲೋ ಇರುತ್ತದೆ; ಅಲ್ಲಿಂದಲೇ ತೆಗೆದುಕೊಳ್ಳಿ, ಬೇರೆಡೆ ಹುಡುಕಬೇಡಿ. ಆರ್ಡರ್ ಸಂಖ್ಯೆ, ದಿನಾಂಕಗಳು, ಏನು ಹೇಳಿ ಏನು ಕೊಟ್ಟರು, ಯಾವ ದಿನ ತಿಳಿಸಿದಿರಿ, ಏನು ಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು, ಫೋಟೊಗಳನ್ನು ಲಗತ್ತಿಸಿ ಕಳಿಸಿ. ಮಾರಾಟಗಾರರ ವಿಳಾಸವನ್ನು ಕೇಳುವ ಸಾಲೂ ಅದರಲ್ಲೇ ಇರಲಿ. ಕೋಪದ ಮಾತು ಬೇಡ. ಆ ಪತ್ರವನ್ನು ಮುಂದೊಂದು ದಿನ ಆಯೋಗದ ಸದಸ್ಯರು ಓದುತ್ತಾರೆ ಎಂದು ಭಾವಿಸಿ ಬರೆಯಿರಿ.

ಅದೇ ವಾರ ನಿಮ್ಮ ಬ್ಯಾಂಕಿಗೂ ಹೋಗಿ. ಡೆಬಿಟ್ ಕಾರ್ಡಿನಲ್ಲಿ ಕಟ್ಟಿದ ಹಣಕ್ಕೆ ಚಾರ್ಜ್‌ಬ್ಯಾಕ್ ಎಂಬ ದಾರಿಯಿದೆ, ಅದು ಕ್ರೆಡಿಟ್ ಕಾರ್ಡಿಗೆ ಮಾತ್ರ ಮೀಸಲಲ್ಲ. ವರ್ಣನೆಗೆ ಹೊಂದದ ವಸ್ತು ಬಂದಿದೆ ಎಂಬ ಕಾರಣ ಕೊಟ್ಟು ಬ್ಯಾಂಕಿನ ನಮೂನೆಯಲ್ಲಿ ತಕರಾರು ಸಲ್ಲಿಸಿದರೆ, ರುಪೇ, ವೀಸಾದಂಥ ಕಾರ್ಡ್ ಜಾಲದ ಮೂಲಕ ಅದು ಹಣ ಪಡೆದವರ ಬ್ಯಾಂಕಿಗೆ ಹೋಗುತ್ತದೆ, ಅವರು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ಕಾರ್ಡ್ ಜಾಲಗಳು ಗಡುವು ಇಟ್ಟಿವೆ, ಮತ್ತು ಒಂದೂವರೆ ತಿಂಗಳು ಈಗಾಗಲೇ ಕಳೆದಿದೆ. ಆದ್ದರಿಂದ ಬ್ಯಾಂಕಿನ ಭೇಟಿಯನ್ನು ಮುಂದೂಡಬೇಡಿ. ಬ್ಯಾಂಕಿನ ಗುಮಾಸ್ತರು ಇದು ನಮ್ಮ ಕೆಲಸವಲ್ಲ ಎಂದರೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಲ್ಲಿ ಒಂದು ಗೊಂದಲ ಬೇಡ: ಪಾವತಿಯೇ ವಿಫಲವಾಗಿ ಖಾತೆಯಿಂದ ಹಣ ಕಡಿತವಾದರೆ ಐದು ದಿನಗಳೊಳಗೆ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯನ್ನು ಕೆಲವರು ಎಲ್ಲ ರೀಫಂಡ್‌ಗಳಿಗೂ ಅನ್ವಯಿಸಿ ಹೇಳುತ್ತಾರೆ. ನಿಮ್ಮ ಪಾವತಿ ವಿಫಲವಾಗಿಲ್ಲ, ಆದ್ದರಿಂದ ಅದು ನಿಮಗೆ ಅನ್ವಯಿಸುವುದಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಅದು ನ್ಯಾಯಾಲಯವಲ್ಲ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ನಿಮ್ಮ ದೂರನ್ನು ಕಂಪನಿಯ ಮೇಲಿನ ಹಂತಕ್ಕೆ ತಲುಪಿಸಿ ಉತ್ತರ ಕೇಳುತ್ತದೆ. ದೊಡ್ಡ ಕಂಪನಿಗಳ ವಿಷಯದಲ್ಲಿ ಇಷ್ಟರಿಂದಲೇ ಹಣ ಬಂದ ಉದಾಹರಣೆಗಳು ಬಹಳ ಇವೆ. ಆದ್ದರಿಂದ ಇದನ್ನು ಬಿಟ್ಟು ನೇರವಾಗಿ ಆಯೋಗಕ್ಕೆ ಹೋಗುವುದು ಅವಸರವೆನಿಸುತ್ತದೆ.

ಒಂದು ತಿಂಗಳಲ್ಲಿ ಇತ್ಯರ್ಥವಾಗದಿದ್ದರೆ ಹಾವೇರಿಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಿ. ವ್ಯಾಜ್ಯಗಳಿಗೆ ಬೆಂಗಳೂರಿನ ಅಥವಾ ದೆಹಲಿಯ ನ್ಯಾಯಾಲಯವೇ ಗತಿ ಎಂದು ಆ್ಯಪ್‌ನ ಷರತ್ತುಗಳಲ್ಲಿ ಬರೆದಿರಬಹುದು. ಹೆದರಬೇಡಿ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆಯ 34ನೆಯ ಪ್ರಕರಣ ಅವಕಾಶ ಕೊಟ್ಟಿದೆ. ಹಳೆಯ ಕಾಯ್ದೆಯಲ್ಲಿ ಇರದಿದ್ದ ಈ ಅನುಕೂಲವೇ, ನನ್ನ ದೃಷ್ಟಿಯಲ್ಲಿ, ಹೊಸ ಕಾಯ್ದೆ ಹಳ್ಳಿ ಪಟ್ಟಣಗಳ ಗ್ರಾಹಕರಿಗೆ ಕೊಟ್ಟ ದೊಡ್ಡ ಬಲ. ಕಟ್ಟಿದ ಬೆಲೆ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದವು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವಿಲ್ಲ. ಇ-ಜಾಗೃತಿ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಕೋರಿಕೆಯ ಮೇರೆಗೆ ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಹಾಜರಾಗಲೂ ಅವಕಾಶವಿದೆ. ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೆ ಮೊದಲು ವೇದಿಕೆಗೂ ಮಾರಾಟಗಾರರಿಗೂ ಹದಿನೈದು ದಿನಗಳ ಕಾಲಾವಕಾಶ ಕೊಟ್ಟು ಒಂದು ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕಾಯ್ದೆ ಅದನ್ನು ಕಡ್ಡಾಯ ಮಾಡಿಲ್ಲ, ಆದರೆ ನೋಟಿಸ್ ತಲುಪಿದ ಮೇಲೆ ಹಣ ಮರಳಿಸಿ ಮುಗಿಸುವವರೂ ಇದ್ದಾರೆ.

ದೂರಿನಲ್ಲಿ ವೇದಿಕೆ, ಮಾರಾಟಗಾರರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಹೆಸರಿಸಿದರೆ ಅವರು ಇಲ್ಲದವರತ್ತ ಬೆರಳು ತೋರಿಸುತ್ತಾರೆ. 23,800 ರೂಪಾಯಿ, ಅದಕ್ಕೆ ಕಟ್ಟಿದ ದಿನದಿಂದ ಬಡ್ಡಿ, ತೊಂದರೆಗೆ ಪರಿಹಾರ, ದೂರಿನ ಖರ್ಚು, ಇವನ್ನು ಬೇರೆ ಬೇರೆಯಾಗಿ ಕೇಳಿ. ಪರಿಹಾರವೆಂದು ಲಕ್ಷಗಟ್ಟಲೆ ಬರೆಯುವ ಆಸೆ ಬೇಡ. ಕೈತಪ್ಪಿದ ಆರ್ಡರ್‌ಗಳ ವಿವರವಿದ್ದರೆ, ಗಿರಾಕಿಗಳ ಸಂದೇಶಗಳಿದ್ದರೆ, ಅಷ್ಟಕ್ಕೆ ತಕ್ಕಂತೆ ಕೇಳಿದ ಮೊತ್ತಕ್ಕೆ ಆಯೋಗ ಬೆಲೆ ಕೊಡುತ್ತದೆ. ಫೋಟೊ, ಸ್ಕ್ರೀನ್‌ಶಾಟ್‌ಗಳ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಗಳಿಗೆಂದು ಹೇಳುವ ಪ್ರಮಾಣಪತ್ರವನ್ನು ಲಗತ್ತಿಸಿದರೆ ಅವುಗಳ ಬಗ್ಗೆ ಆಕ್ಷೇಪಕ್ಕೆ ಎಡೆ ಕಡಿಮೆ. ಏಕಪಕ್ಷೀಯ ಷರತ್ತುಗಳು ಅನ್ಯಾಯದ ಕರಾರು ಎಂಬ ವಾದವನ್ನು ಮುಖ್ಯವಾಗಿಸಬೇಡಿ, ಅದನ್ನು ಕೇಳುವ ಅಧಿಕಾರ ಇರುವುದು ರಾಜ್ಯ ಆಯೋಗಕ್ಕೆ ಮತ್ತು ಅದರ ಮೇಲಿನದಕ್ಕೆ. ಜಿಲ್ಲೆಯಲ್ಲಿ ದೋಷಯುಕ್ತ ಸರಕು, ಅನುಚಿತ ವ್ಯಾಪಾರ ಪದ್ಧತಿ, ಸೇವಾ ನ್ಯೂನತೆ ಎಂಬ ಮೂರರ ಮೇಲೆಯೇ ನಿಲ್ಲಿ.

ಎಷ್ಟು ಕಾಲ ಹಿಡಿಯುತ್ತದೆ ಎಂದು ನೀವು ಕೇಳುತ್ತೀರಿ. ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಈ 45 ದಿನಗಳ ಮಿತಿಯನ್ನು ಮೀರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೇ ಹೆಚ್ಚು, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡೇ ಹೆಜ್ಜೆಯಿಡಿ. ಮಧ್ಯಸ್ಥಿಕೆಗೆ ಕಳಿಸುತ್ತೇವೆ ಎಂದು ಆಯೋಗ ಕೇಳಿದರೆ ಒಪ್ಪಿಕೊಳ್ಳಿ. ಪೂರ್ತಿ ಹಣ ಬರುವುದಾದರೆ ಪರಿಹಾರದ ಮೊತ್ತದಲ್ಲಿ ತುಸು ಬಿಟ್ಟುಕೊಡುವುದು ನಷ್ಟವಲ್ಲ. ಆದೇಶವಾದ ಮೇಲೂ ಹಣ ಕೊಡದಿದ್ದರೆ ಜಾರಿ ಅರ್ಜಿ ಹಾಕಬಹುದು, ಪಾಲಿಸದವರಿಗೆ ಸೆರೆವಾಸ ಇಲ್ಲವೆ ದಂಡ ವಿಧಿಸುವ ಅಧಿಕಾರ 72ನೆಯ ಪ್ರಕರಣದಲ್ಲಿ ಆಯೋಗಕ್ಕಿದೆ.

ಇನ್ನುಳಿದದ್ದು ಮಷಿನ್ನನ್ನು ಹಿಂದಕ್ಕೆ ಕೊಡುವ ಕೆಲಸ. ಸರಕನ್ನು ತಿರಸ್ಕರಿಸಿದವರು ಅದನ್ನು ತಾವೇ ಹೊತ್ತು ತಲುಪಿಸಬೇಕಿಲ್ಲ, ತಿರಸ್ಕರಿಸಿದ್ದೇವೆ ಎಂದು ತಿಳಿಸಿದರೆ ಸಾಕು ಎಂದು ಸರಕು ಮಾರಾಟ ಕಾಯ್ದೆಯ 43ನೆಯ ಪ್ರಕರಣ ಹೇಳುತ್ತದೆ; ಸಾಗಣೆಯ ಖರ್ಚನ್ನು ನಿಮ್ಮ ಮೇಲೆ ಹಾಕಿದರೆ ಈ ಪ್ರಕರಣವನ್ನು ಉಲ್ಲೇಖಿಸಿ. ಒಂದು ದಿನ ಅವರ ಕಡೆಯ ಹುಡುಗ ಮಷಿನ್ ಒಯ್ಯಲು ಬಂದಾಗ ಅವಸರಪಡಬೇಡಿ. ಸೀರಿಯಲ್ ನಂಬರ್ ಕಾಣುವಂತೆ ಅವನೆದುರಿಗೇ ವಿಡಿಯೊ ಮಾಡಿ, ಪೆಟ್ಟಿಗೆಯಲ್ಲಿ ಸ್ಟ್ಯಾಂಡು, ಮೋಟಾರು, ಬೆಲ್ಟು, ವಾರಂಟಿ ಕಾರ್ಡು ಏನೇನು ಇಟ್ಟಿರಿ ಎಂದು ಎರಡು ಪ್ರತಿಯಲ್ಲಿ ಬರೆದು, ಒಂದಕ್ಕೆ ಅವನ ಸಹಿ, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ. ಪಿಕಪ್ ಸಂಖ್ಯೆ ಮೊಬೈಲಿಗೆ ಬಂದಿದೆಯೇ ಎಂದು ನೋಡಿದ ಮೇಲೆಯೇ ಮಷಿನ್ನನ್ನು ಹೊಸ್ತಿಲು ದಾಟಲು ಬಿಡಿ.